ಎನ್‌ಎಂಸಿ ಪುಡಿಗೆ ಅಲ್ಯೂಮಿನಾ ಲೇಪ: ನೀರಿನ ಲೆಕ್ಕ ತಪ್ಪದಂತೆ ಮಾಡುವ ಸಮಗ್ರ ಮಾರ್ಗದರ್ಶಿ

ಜೂನ್ ಬಂತೆಂದರೆ ಪುಣೆಯ ಲ್ಯಾಬುಗಳಿಂದ ಒಂದೇ ತರಹದ ಪ್ರಶ್ನೆ ಬರಲು ಶುರುವಾಗುತ್ತದೆ. ‘ಲಿಥಿಯಂ ಬ್ಯಾಟರಿಯ ಕ್ಯಾಥೋಡ್ ಪುಡಿಗೆ ಅಲ್ಯೂಮಿನಾ ಲೇಪ ಹಾಕಿದೆ. ಆದರೆ ಲೇಪ ಇಲ್ಲದ ಪುಡಿಯೇ ಇದಕ್ಕಿಂತ ಚೆನ್ನಾಗಿ ಓಡ್ತಿದೆ. ಯಾಕೆ?’ ಕ್ಯಾಥೋಡ್ ಅಂದರೆ ಬ್ಯಾಟರಿಯ ಪಾಸಿಟಿವ್ ಬದಿ, ಅಲ್ಯೂಮಿನಾ ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಕೇಳುವವರು ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಎಂಎಸ್ಸಿ ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಪುಣೆಯ ಪಾಷಾಣ, ಗಣೇಶಖಿಂಡ ಬಡಾವಣೆಗಳ ಕಡೆ ಬಂದ ನಮ್ಮ ಹುಡುಗರು, ಹುಡುಗಿಯರು. ಮುಂಬೈ ಮತ್ತು ಗೋವಾದಲ್ಲಿ ಇರುವವರಿಗೆ ಈ ಕಾಟ ವರ್ಷವಿಡೀ ಇದ್ದದ್ದೇ.

ಅವರ ನೋಟ್‌ಬುಕ್ ತೆಗೆದು ನೋಡಿದರೆ ರಸಾಯನಶಾಸ್ತ್ರದಲ್ಲಿ ತಪ್ಪು ಸಿಗುವುದು ಕಡಿಮೆ. ತಪ್ಪು ಇರುವುದು ನೀರಿನಲ್ಲಿ. ಪುಡಿಯ ಮೇಲಿನ ನೀರು, ಆಲ್ಕೋಹಾಲಿನ ಒಳಗಿನ ನೀರು, ಒಣಗಿಸುವಾಗ ಉಳಿದ ನೀರು, ಫರ್ನೇಸಿನಿಂದ ತೆಗೆದ ಮೇಲೆ ಗಾಳಿಯಿಂದ ಹತ್ತಿದ ನೀರು. ಇಡೀ ಕೆಲಸದಲ್ಲಿ ನೀರು ಬೇಕಾಗುವುದು ಒಂದೇ ಒಂದು ಹಂತದಲ್ಲಿ, ಅದೂ ಎರಡು ಹನಿಯಷ್ಟು. ಉಳಿದೆಲ್ಲ ಕಡೆ ಅದನ್ನು ದೂರ ಇಡಬೇಕು. ಈ ಬರಹ ಆ ಲೆಕ್ಕದ ಸುತ್ತಲೇ ಇದೆ.

ಇಲ್ಲಿ ತೆಗೆದುಕೊಂಡಿರುವ ಪುಡಿ ಎನ್‌ಎಂಸಿ 811. ಅಂದರೆ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ 8:1:1 ಪ್ರಮಾಣದಲ್ಲಿ ಇರುವ ಲಿಥಿಯಂ ಆಕ್ಸೈಡ್. ಅತಿ ಹೆಚ್ಚು ತೊಂದರೆ ಕೊಡುವುದು ಇದೇ. ಇದನ್ನು ಸರಿಯಾಗಿ ಮಾಡಲು ಬಂದರೆ ಬೇರೆ ಪುಡಿಗಳು ಸಲೀಸು.

## ಲೇಪ ಮಾಡುವ ಕೆಲಸ ಏನು

ಬ್ಯಾಟರಿಯೊಳಗಿನ ದ್ರವದಲ್ಲಿ, ಅಂದರೆ ಎಲೆಕ್ಟ್ರೋಲೈಟಿನಲ್ಲಿ ಇರುವ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಉಪ್ಪಿಗೆ ಒಂದಿಷ್ಟು ನೀರು ಸಿಕ್ಕರೂ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಕ್ಯಾಥೋಡಿನ ಮೇಲ್ಮೈಯನ್ನು ತಿನ್ನುತ್ತದೆ. ನಿಕ್ಕಲ್, ಮ್ಯಾಂಗನೀಸ್ ಕರಗಿ ಹೊರಗೆ ಬರುತ್ತವೆ, ಹೋಗಿ ಎದುರಿನ ನೆಗೆಟಿವ್ ಬದಿಯ ಗ್ರಾಫೈಟ್ ಮೇಲೆ ಕೂತು ಅಲ್ಲಿಯೂ ಹಾಳು ಮಾಡುತ್ತವೆ. ಇದರ ಜೊತೆಗೆ, ಪೂರ್ತಿ ಚಾರ್ಜ್ ಆದಾಗ ನಿಕ್ಕಲ್ ತುಂಬಾ ಚುರುಕಾಗಿ ಎಲೆಕ್ಟ್ರೋಲೈಟ್ ಜೊತೆ ನೇರವಾಗಿಯೇ ಪ್ರತಿಕ್ರಿಯಿಸುತ್ತದೆ.

ಕೆಲವೇ ನ್ಯಾನೋಮೀಟರ್ ದಪ್ಪದ ಅಲ್ಯೂಮಿನಾ ಪದರ ಇವೆರಡನ್ನೂ ತಗ್ಗಿಸುತ್ತದೆ. ಆಮ್ಲವನ್ನು ತಾನು ಹಿಡಿದು ಅಲ್ಯೂಮಿನಿಯಂ ಫ್ಲೋರೈಡ್ ಆಗುತ್ತದೆ. ಬಿಸಿ ಮಾಡಿದಾಗ ಪುಡಿಯ ಮೇಲೆ ಉಳಿದ ಲಿಥಿಯಂ ಜೊತೆ ಸೇರಿ ಲಿಥಿಯಂ ಅಲ್ಯೂಮಿನೇಟ್ ಆಗುತ್ತದೆ. ಅದರ ಮೂಲಕ ಲಿಥಿಯಂ ಅಯಾನ್ ಓಡಾಡಬಲ್ಲದು.

ಒಂದು ಮಿತಿಯನ್ನು ಈಗಲೇ ತಿಳಿದಿರಿ. ಚಾರ್ಜ್, ಡಿಸ್ಚಾರ್ಜ್ ಆಗುವಾಗ ಕಣಗಳು ಒಳಗಿನಿಂದ ಬಿರುಕು ಬಿಡುತ್ತವಲ್ಲ, ಅದನ್ನು ಹೊರಗಿನ ಲೇಪ ತಡೆಯುವುದಿಲ್ಲ. ಲೇಪದಿಂದ ಅದನ್ನೂ ನಿರೀಕ್ಷಿಸಿ ಕೂತರೆ ನಿರಾಸೆ ಖಚಿತ.

## ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಾನು

ಎನ್‌ಎಂಸಿ 811 ಪುಡಿ 30 ಗ್ರಾಂ, ಪರೀಕ್ಷೆಗೆ ಇನ್ನೂ ಒಂದಿಷ್ಟು, ಎಲ್ಲ ಒಂದೇ ಬಾಟಲಿಯಿಂದ. ಅಲ್ಯೂಮಿನಿಯಂ ಐಸೊಪ್ರೊಪಾಕ್ಸೈಡ್, ಹೊಸ ಬಾಟಲಿ. ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ನಾವೆಲ್ಲ ಐಪಿಎ ಅನ್ನುವುದು. ಅದನ್ನು ಒಣಗಿಸಲು 3 ಆಂಗ್‌ಸ್ಟ್ರಮ್ ಮಾಲಿಕ್ಯುಲರ್ ಸೀವ್. ಕಂಡೆನ್ಸರ್, ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಗಾರ್ಡ್ ಟ್ಯೂಬ್, ಮೇಲಿನಿಂದ ತಿರುಗುವ ಓವರ್‌ಹೆಡ್ ಸ್ಟರರ್, ಡ್ರಾಪಿಂಗ್ ಫನೆಲ್ ಅಥವಾ ಸಿರಿಂಜ್ ಪಂಪ್. ರೋಟರಿ ಇವ್ಯಾಪೊರೇಟರ್, ವ್ಯಾಕ್ಯೂಮ್ ಓವನ್, ಆಕ್ಸಿಜನ್ ಹಾಯಿಸಬಹುದಾದ ಟ್ಯೂಬ್ ಫರ್ನೇಸ್, ಅದರೊಳಗೆ ಪುಡಿ ಇಡುವ ಅಲ್ಯೂಮಿನಾ ಬೋಟ್. ಸೆಲ್ ಕಟ್ಟಲು ಗ್ಲವ್ ಬಾಕ್ಸ್, ಅಂದರೆ ಹೊರಗಿನ ಗಾಳಿ, ತೇವ ಸೇರದ ಮುಚ್ಚಿದ ಪೆಟ್ಟಿಗೆ.

ಮ್ಯಾಗ್ನೆಟಿಕ್ ಸ್ಟರರ್ ಸಾಲದೇ ಎಂದು ಕೇಳುವವರು ಬಹಳ. ಬೀಕರ್ ತಳದಲ್ಲಿ ಆ ಕಡ್ಡಿ ತಿರುಗುವಾಗ ಕಣಗಳನ್ನು ಅರೆಯುತ್ತದೆ. ಗಂಟೆಗಟ್ಟಲೆ ಅರೆದರೆ ಕಣ ಒಡೆದು ಹೊಸ ಮೇಲ್ಮೈ ಹೊರಗೆ ಬರುತ್ತದೆ, ನಿಮ್ಮ ದಪ್ಪದ ಲೆಕ್ಕ ಅಲ್ಲಿಗೆ ಕೆಟ್ಟಿತು. ಓವರ್‌ಹೆಡ್ ಸ್ಟರರ್ ಇಲ್ಲದಿದ್ದರೆ ಪಕ್ಕದ ಲ್ಯಾಬಿನಿಂದ ಎರಡು ದಿನಕ್ಕೆ ಕೇಳಿ ತನ್ನಿ.

ಮೈ ಮೇಲೆ ನಿಗಾ ಇರಲಿ. ನಿಕ್ಕಲ್ ಇರುವ ಪುಡಿಯ ಧೂಳು ಉಸಿರಿನೊಳಗೆ ಹೋಗಬಾರದು, ಅದು ಕ್ಯಾನ್ಸರ್ ತರುವಂಥದ್ದು. ತೂಕ ಮಾಡುವಾಗ ಎನ್95 ಮಾಸ್ಕ್ ಮತ್ತು ನೈಟ್ರೈಲ್ ಗ್ಲವ್ಸ್ ಕಡ್ಡಾಯ. ಐಪಿಎ ಬಿಸಿ ಮಾಡುವುದು ಫ್ಯೂಮ್ ಹುಡ್ ಒಳಗೆ ಮಾತ್ರ, ಹತ್ತಿರ ಬೆಂಕಿ ಅಥವಾ ಸುರುಳಿ ಕಾಣುವ ಹೀಟರ್ ಇರಕೂಡದು.

## ಹಂತ 1: ಪುಡಿಯ ಸ್ಥಿತಿ ನೋಡಿ

ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿಯ ಹಪ್ಪಳ ಹೇಗೆ ಮೆತ್ತಗಾಗುತ್ತದೋ, ಎನ್‌ಎಂಸಿ 811 ಕೂಡ ಹಾಗೆಯೇ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಇದು ಅಲ್ಲಿಗೇ ನಿಲ್ಲುವುದಿಲ್ಲ. ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿ ಕಣದೊಳಗಿನ ಲಿಥಿಯಂ ಹೊರಗೆಳೆದು ಮೇಲ್ಮೈ ಮೇಲೆ ಲಿಥಿಯಂ ಹೈಡ್ರಾಕ್ಸೈಡ್, ಲಿಥಿಯಂ ಕಾರ್ಬೊನೇಟ್ ಮಾಡಿಡುತ್ತವೆ. ಹಪ್ಪಳ ಬಿಸಿಲಿಗಿಟ್ಟರೆ ಮತ್ತೆ ಗರಿಗರಿಯಾದೀತು. ಈ ಪುಡಿ ವ್ಯಾಕ್ಯೂಮ್ ಓವನ್ನಿನಲ್ಲಿಟ್ಟರೂ ಮೊದಲಿನಂತೆ ಆಗುವುದಿಲ್ಲ, ಯಾಕೆಂದರೆ 120 ಡಿಗ್ರಿಯಲ್ಲಿ ನೀರು ಹೋಗುತ್ತದೆ, ಕಾರ್ಬೊನೇಟ್ ಹಾಗೇ ಉಳಿಯುತ್ತದೆ.

ಪರೀಕ್ಷೆ ಸುಲಭ. 1 ಗ್ರಾಂ ಪುಡಿಯನ್ನು 50 ಮಿ.ಲೀ. ಶುದ್ಧ ನೀರಿನಲ್ಲಿ 5 ನಿಮಿಷ ಕಲಕಿ, ಸೋಸಿ, ಪಿಎಚ್ ನೋಡಿ. ನಿಕ್ಕಲ್ ಜಾಸ್ತಿ ಇರುವ ಪುಡಿಯಲ್ಲಿ ಪಿಎಚ್ 11 ದಾಟುವುದು ಮಾಮೂಲು. 12ರ ಹತ್ತಿರ ಅಥವಾ ಅದಕ್ಕೂ ಮೇಲೆ ಹೋದರೆ ಮೇಲ್ಮೈ ಕೆಟ್ಟಿದೆ ಎಂದು ಅನುಮಾನಿಸಿ. ಅದೇ ಸೋಸಿದ ನೀರನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಟೈಟ್ರೇಟ್ ಮಾಡಿದರೆ ಹೈಡ್ರಾಕ್ಸೈಡ್ ಎಷ್ಟು, ಕಾರ್ಬೊನೇಟ್ ಎಷ್ಟು ಎಂದು ಬೇರೆ ಬೇರೆಯಾಗಿ ತಿಳಿಯುತ್ತದೆ. ಪರೀಕ್ಷೆ ಮಾಡಿದ ಆ 1 ಗ್ರಾಂ ಪುಡಿಯನ್ನು ವಾಪಸ್ ಬಾಟಲಿಗೆ ಹಾಕಬೇಡಿ.

ತೀರಾ ಹಳೆಯ ಬಾಟಲಿ ಆಗಿದ್ದರೆ ನನ್ನ ಸಲಹೆ ಒಂದೇ: ಹೊಸದು ತರಿಸಿ. ಕೆಟ್ಟ ಮೇಲ್ಮೈ ಮೇಲೆ ಎಷ್ಟು ಚೆಂದದ ಲೇಪ ಹಾಕಿದರೂ ಒಳಗಿನ ಕಾರ್ಬೊನೇಟ್ ಚಾರ್ಜ್ ಆಗುವಾಗ ಗ್ಯಾಸ್ ಬಿಡುತ್ತಲೇ ಇರುತ್ತದೆ. ಹೊಸ ಪುಡಿಯನ್ನು ಗ್ಲವ್ ಬಾಕ್ಸಿನಲ್ಲೇ ತೆರೆದು ಚಿಕ್ಕ ಬಾಟಲಿಗಳಿಗೆ ಹಂಚಿಡಿ. ಬಳಸುವ ಹಿಂದಿನ ರಾತ್ರಿ 120 ಡಿಗ್ರಿಯಲ್ಲಿ ವ್ಯಾಕ್ಯೂಮ್ ಕೆಳಗೆ ಇಡಿ.

## ಹಂತ 2: ದಪ್ಪದ ಲೆಕ್ಕ ಹಾಕಿ

‘1 ಪರ್ಸೆಂಟ್ ಹಾಕಿದೆ, ಪೇಪರಿನಲ್ಲಿ ಹಾಗೇ ಇತ್ತು’ ಎಂಬ ಉತ್ತರ ಎಲ್ಲರದೂ. ಆ ಪೇಪರಿನವರ ಪುಡಿಯ ಮೇಲ್ಮೈ ವಿಸ್ತೀರ್ಣವೇ ಬೇರೆ, ನಿಮ್ಮದೇ ಬೇರೆ. ಹಾಗಾಗಿ ಶೇಕಡಾ ಲೆಕ್ಕವನ್ನು ನಕಲು ಮಾಡುವುದು ಬೇಡ. ದಪ್ಪದಿಂದ ಶುರು ಮಾಡಿ.

ಮೇಲ್ಮೈ ವಿಸ್ತೀರ್ಣ ತಿಳಿಸುವ ಬಿಇಟಿ ಅಳತೆಯಲ್ಲಿ ನಿಮ್ಮ ಪುಡಿ ಗ್ರಾಮಿಗೆ 0.5 ಚದರ ಮೀಟರ್ ಬಂತು ಅಂದುಕೊಳ್ಳಿ. ದುಂಡನೆಯ ಎನ್‌ಎಂಸಿ ಕಣಗಳಿಗೆ ಇದು ಸಾಮಾನ್ಯ ಮಟ್ಟ. ಬೇಕಾದ ದಪ್ಪ 5 ನ್ಯಾನೋಮೀಟರ್. ಎರಡನ್ನೂ ಗುಣಿಸಿದರೆ ಗ್ರಾಮಿಗೆ 0.0025 ಘನ ಸೆಂ.ಮೀ. ಲೇಪ. ಈ ತರಹದ ಅಲ್ಯೂಮಿನಾ ಸಾಂದ್ರತೆ ಸುಮಾರು 3 ಎಂದು ಹಿಡಿದರೆ ಗ್ರಾಮಿಗೆ 7.5 ಮಿ.ಗ್ರಾಂ., ಅಂದರೆ ಶೇ. 0.75. ಹತ್ತು ಗ್ರಾಂ ಪುಡಿಗೆ 75 ಮಿ.ಗ್ರಾಂ. ಅಲ್ಯೂಮಿನಾ.

ಐಸೊಪ್ರೊಪಾಕ್ಸೈಡಿನ ಅಣುತೂಕ 204.25. ಎರಡು ಅಣು ಸೇರಿ ಒಂದು ಅಲ್ಯೂಮಿನಾ ಆಗುತ್ತದೆ, ಅದರ ತೂಕ 101.96. ಹಾಗಾಗಿ ಅಲ್ಯೂಮಿನಾ ತೂಕದ ಹೆಚ್ಚುಕಡಿಮೆ ನಾಲ್ಕು ಪಟ್ಟು ಐಸೊಪ್ರೊಪಾಕ್ಸೈಡ್ ಬೇಕು: 300 ಮಿ.ಗ್ರಾಂ.

ಈಗ ನೀರು. ಒಂದು ಐಸೊಪ್ರೊಪಾಕ್ಸೈಡ್ ಅಣುವಿಗೆ ಮೂರು ನೀರಿನ ಅಣು. ನಮ್ಮ 300 ಮಿ.ಗ್ರಾಮಿಗೆ ಬೇಕಾದ್ದು ಸುಮಾರು 80 ಮಿ.ಗ್ರಾಂ. ನೀರು. ಅಂದರೆ 0.08 ಮಿ.ಲೀ.

ಇನ್ನು ಬಾಟಲಿಯಿಂದ ನೇರ ತೆಗೆದ ಐಪಿಎ ನೋಡಿ. ಅದರಲ್ಲಿ ಶೇ. 0.2 ನೀರಿದ್ದರೆ 100 ಮಿ.ಲೀ. ಐಪಿಎಯಲ್ಲೇ 157 ಮಿ.ಗ್ರಾಂ. ನೀರು ಬಂದುಬಿಟ್ಟಿತು! ಬೇಕಾದ್ದರ ಎರಡು ಪಟ್ಟು, ಅದೂ ನೀವು ಒಂದು ಹನಿ ನೀರೂ ಹಾಕುವ ಮುಂಚೆ. ಐಸೊಪ್ರೊಪಾಕ್ಸೈಡ್ ಕರಗುವ ಹೊತ್ತಿಗೇ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗಿ ದ್ರಾವಣದಲ್ಲೇ ಗಂಟು ಕಟ್ಟುತ್ತದೆ, ಪುಡಿಯ ಮೇಲೆ ಕೂರುವುದಿಲ್ಲ. ಸೋತವರ ಕೆಲಸ ಬಹುಪಾಲು ಕೆಡುವುದು ಇಲ್ಲೇ. ಮಾಲಿಕ್ಯುಲರ್ ಸೀವನ್ನು 300 ಡಿಗ್ರಿಯಲ್ಲಿ ಚೆನ್ನಾಗಿ ಕಾಯಿಸಿ, ಮುಚ್ಚಿಟ್ಟು ತಣಿಸಿ, ಐಪಿಎಗೆ ಹಾಕಿ ಎರಡು ದಿನ ಬಿಡಿ. ಆಮೇಲೆ ಕಾರ್ಲ್ ಫಿಶರ್ ಟೈಟ್ರೇಶನ್‌ನಲ್ಲಿ ನೀರು ಎಷ್ಟಿದೆ ಎಂದು ಅಳೆಯಿರಿ. 100 ಪಿಪಿಎಂ ಬಂದರೆ 100 ಮಿ.ಲೀ.ನಲ್ಲಿ 8 ಮಿ.ಗ್ರಾಂ. ನೀರಷ್ಟೇ ಉಳಿಯಿತು. ಅಷ್ಟಾದರೆ ಮುಂದುವರಿಯಬಹುದು.

## ಹಂತ 3: ಮೂರು ಪಾಲು ಮಾಡಿ

ಪುಡಿಯನ್ನು ಹತ್ತು ಹತ್ತು ಗ್ರಾಮಿನ ಮೂರು ಪಾಲು ಮಾಡಿ. ‘ಎ’ ಪಾಲು ಬಾಟಲಿಯಲ್ಲಿ ಇದ್ದ ಹಾಗೇ ಇರಲಿ. ‘ಬಿ’ ಪಾಲಿಗೆ ಐಪಿಎ, ಅದೇ 0.08 ಮಿ.ಲೀ. ನೀರು, ಅದೇ ಒಣಗಿಸುವಿಕೆ, ಅದೇ ಫರ್ನೇಸ್ ಎಲ್ಲ ಆಗಬೇಕು. ಐಸೊಪ್ರೊಪಾಕ್ಸೈಡ್ ಮಾತ್ರ ಇಲ್ಲ. ‘ಸಿ’ ಪಾಲಿಗೆ ಲೇಪ.

‘ಬಿ’ ಪಾಲು ಬಿಟ್ಟುಬಿಡುವವರೇ ಹೆಚ್ಚು. ಸಮಯ ಉಳಿಯಿತು ಅನ್ನಿಸುತ್ತದೆ, ಆದರೆ ಉತ್ತರ ಕಳೆದುಹೋಗುತ್ತದೆ. ಮತ್ತೊಮ್ಮೆ ಆಕ್ಸಿಜನ್‌ನಲ್ಲಿ ಬಿಸಿ ಮಾಡುವುದರಿಂದಲೇ ಪುಡಿಯ ಮೇಲ್ಮೈ ಬದಲಾಗುತ್ತದೆ. ಕೆಲವೊಮ್ಮೆ ಸುಧಾರಿಸುತ್ತದೆ, ಕೆಲವೊಮ್ಮೆ ಹದಗೆಡುತ್ತದೆ. ‘ಎ’ ಜೊತೆ ಮಾತ್ರ ಹೋಲಿಸಿದರೆ ಫಲ ಲೇಪದ್ದೋ, ಶಾಖದ್ದೋ ಎಂದು ಹೇಳಲು ಆಗುವುದೇ ಇಲ್ಲ. ಗೈಡ್ ಎದುರು, ವೈವಾದಲ್ಲಿ ಎಲ್ಲರೂ ಸಿಕ್ಕಿಬೀಳುವ ಪ್ರಶ್ನೆಯೂ ಇದೇ.

## ಹಂತ 4: ಲೇಪ ಕೂರಿಸುವುದು

ಮೊದಲು 60 ಮಿ.ಲೀ. ಒಣ ಐಪಿಎಗೆ 300 ಮಿ.ಗ್ರಾಂ. ಐಸೊಪ್ರೊಪಾಕ್ಸೈಡ್ ಹಾಕಿ, ಕಂಡೆನ್ಸರ್ ಮತ್ತು ಗಾರ್ಡ್ ಟ್ಯೂಬ್ ಜೋಡಿಸಿ, 75 ಡಿಗ್ರಿಯಲ್ಲಿ ಕಲಕಿ. ಐಪಿಎ ಕುದಿಯುವುದು 82 ಡಿಗ್ರಿಯಲ್ಲಿ, ಅದರ ಕೆಳಗೇ ಇರಲಿ. ತಣ್ಣಗಿನ ಐಪಿಎಯಲ್ಲಿ ಇದು ಸರಿಯಾಗಿ ಕರಗುವುದಿಲ್ಲ, ಆತುರ ಮಾಡಬೇಡಿ. ದ್ರಾವಣ ಕೊನೆಗೆ ತಿಳಿಯಾಗಲೇಬೇಕು. ಗಂಟೆ ಕಳೆದರೂ ಬೆಳ್ಳಗೆ ಮೋಡದಂತೆ ಉಳಿದರೆ ಐಸೊಪ್ರೊಪಾಕ್ಸೈಡ್ ಬಾಟಲಿಯಲ್ಲೇ ತೇವ ಕುಡಿದು ಕೆಟ್ಟಿದೆ, ಇಲ್ಲವೇ ಐಪಿಎ ಒಣಗಿಲ್ಲ. ಎರಡರಲ್ಲಿ ಯಾವುದಾದರೂ ಆ ದ್ರಾವಣ ಚೆಲ್ಲಬೇಕಾದ್ದೇ. ಸೋಸಿ ಬಳಸಿದರೆ ಎಷ್ಟು ಅಲ್ಯೂಮಿನಿಯಂ ಉಳಿಯಿತೆಂದು ಗೊತ್ತಾಗುವುದಿಲ್ಲ.

ಇನ್ನೊಂದು ಕಡೆ 40 ಮಿ.ಲೀ. ಒಣ ಐಪಿಎಯಲ್ಲಿ 10 ಗ್ರಾಂ ಪುಡಿ ಹಾಕಿ ಬಾತ್ ಸೋನಿಕೇಟರಿನಲ್ಲಿ 10 ನಿಮಿಷ ಇಡಿ. ಗುಂಪು ಕಟ್ಟಿದ ಕಣಗಳು ಬಿಡಿಯಾಗಲು ಅಷ್ಟು ಸಾಕು. ಪ್ರೋಬ್ ಸೋನಿಕೇಟರ್ ಬೇಡ, ಅದು ಕಣವನ್ನೇ ಒಡೆಯುತ್ತದೆ.

ಎರಡನ್ನೂ ಸೇರಿಸಿ, 45 ಡಿಗ್ರಿಗೆ ಇಳಿಸಿ, ಓವರ್‌ಹೆಡ್ ಸ್ಟರರಿನಲ್ಲಿ ಒಂದು ಗಂಟೆ ಕಲಕಿ. ಮೇಲಿನಿಂದ ಒಣ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಲಿ. ಈ ಒಂದು ಗಂಟೆ ತುಂಬಾ ಮುಖ್ಯ. ಪುಡಿಯ ಮೇಲ್ಮೈಯಲ್ಲಿ ಇರುವ ಹೈಡ್ರಾಕ್ಸಿಲ್ ಗುಂಪುಗಳಿಗೆ ಐಸೊಪ್ರೊಪಾಕ್ಸೈಡ್ ಅಂಟಿಕೊಳ್ಳುವುದು ಈಗಲೇ. ಮೊದಲು ಅಂಟಬೇಕು, ಆಮೇಲೆ ನೀರು ಬರಬೇಕು. ಈ ಕ್ರಮ ತಿರುವುಮುರುವಾದರೆ ಲೇಪ ಹೋಗಿ ಪಕ್ಕದಲ್ಲಿ ಬೆಳೆದ ಅಲ್ಯೂಮಿನಾ ಧೂಳು ಸಿಗುತ್ತದೆ.

ಈಗ 10 ಮಿ.ಲೀ. ಒಣ ಐಪಿಎಗೆ ನೀರು ಬೆರೆಸಿ. 0.08 ಮಿ.ಲೀ. ಪೂರ್ತಿ ಹಾಕಬೇಡಿ, ಐಪಿಎಯಲ್ಲಿ ಅಳೆದು ಸಿಕ್ಕ ನೀರನ್ನು ಇದರಿಂದ ಕಳೆಯಿರಿ. ಆ ಮಿಶ್ರಣವನ್ನು ಒಂದು ಗಂಟೆಯ ಉದ್ದಕ್ಕೂ ಹನಿ ಹನಿಯಾಗಿ ಬಿಡಿ. ಸಿರಿಂಜ್ ಪಂಪ್ ಇದ್ದರೆ ಗಂಟೆಗೆ 10 ಮಿ.ಲೀ. ಎಂದು ಇಟ್ಟು ಬಿಟ್ಟರಾಯಿತು. ಮುಗಿದ ಮೇಲೆ ಇನ್ನೂ ಎರಡು ಗಂಟೆ ಕಲಕಿ.

ಈ ಹಂತದ ಅತಿ ಮುಖ್ಯ ಪರೀಕ್ಷೆ ಕಣ್ಣಿನದು, ಖರ್ಚಿಲ್ಲದ್ದು. ಸ್ಟರರ್ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಕಪ್ಪು ಪುಡಿ ಕೆಳಗೆ ಇಳಿಯುತ್ತದೆ. ಮೇಲೆ ಉಳಿದ ದ್ರವ ತಿಳಿಯಾಗಿದ್ದರೆ ಅಲ್ಯೂಮಿನಿಯಂ ಪುಡಿಯ ಜೊತೆ ಇದೆ. ಹಾಲಿನ ಬಣ್ಣದ ಮಬ್ಬು ಕಂಡರೆ ಅಲ್ಯೂಮಿನಾ ದ್ರವದಲ್ಲಿ ಹುಟ್ಟಿದೆ. ಮಬ್ಬು ಬಂದ ಬ್ಯಾಚನ್ನು ಮುಂದಕ್ಕೆ ಒಯ್ಯಬೇಡಿ. ಫರ್ನೇಸ್, ಸೆಲ್, ಸೈಕ್ಲಿಂಗ್ ಎಂದು ಒಂದು ತಿಂಗಳು ಕಳೆದ ಮೇಲೆ ಅದೇ ವಿಷಯ ತಿಳಿಯುವುದಕ್ಕಿಂತ ಈಗಲೇ ನಿಲ್ಲಿಸುವುದು ಒಳ್ಳೆಯದು, ಅಲ್ವಾ?

## ಹಂತ 5: ಒಣಗಿಸುವುದು

ಸೋಸುವುದೋ, ಇವ್ಯಾಪೊರೇಟ್ ಮಾಡುವುದೋ? ನಾನು ರೋಟರಿ ಇವ್ಯಾಪೊರೇಟರ್ ಕಡೆಗೇ ನಿಲ್ಲುತ್ತೇನೆ. ಸೋಸಿದರೆ ಇನ್ನೂ ಅಂಟದ ಅಲ್ಯೂಮಿನಿಯಂ ದ್ರವದ ಜೊತೆ ಹೋಗುತ್ತದೆ, ಲೆಕ್ಕ ತಪ್ಪುತ್ತದೆ. 50 ಡಿಗ್ರಿಯಲ್ಲಿ ನಿಧಾನ ತಿರುಗಿಸಿ ಐಪಿಎ ತೆಗೆಯಿರಿ. ಆಮೇಲೆ ವ್ಯಾಕ್ಯೂಮ್ ಓವನ್ನಿನಲ್ಲಿ 110 ಡಿಗ್ರಿ, 12 ಗಂಟೆ.

ಗಂಟುಗಳಿದ್ದರೆ ಅಗೇಟ್ ಮಾರ್ಟರಿನಲ್ಲಿ ಮೆಲ್ಲಗೆ ಒತ್ತಿ ಬಿಡಿಸಿ, 45 ಮೈಕ್ರಾನ್ ಜರಡಿಯಲ್ಲಿ ಹಾಯಿಸಿ. ಅರೆಯಬೇಡಿ.

## ಹಂತ 6: ಫರ್ನೇಸ್

ಮೊದಲು ಒಂದು ಎಚ್ಚರಿಕೆ. ಪುಡಿಯಲ್ಲಿ ಐಪಿಎ ವಾಸನೆ ಸ್ವಲ್ಪ ಉಳಿದಿದ್ದರೂ ಆಕ್ಸಿಜನ್ ಹಾಯುವ ಬಿಸಿ ಟ್ಯೂಬಿನೊಳಗೆ ಇಡಬಾರದು. ಅದು ಹೊತ್ತಿಕೊಳ್ಳುತ್ತದೆ. ಆಕ್ಸಿಜನ್ ಪೈಪಿನ ಜೋಡಣೆಗಳಿಗೆ ಎಣ್ಣೆ, ಗ್ರೀಸ್ ತಾಗಿರಬಾರದು. ಇವೆರಡನ್ನೂ ಪ್ರತಿ ಸಲ ನೋಡಿ.

ಬೋಟಿನಲ್ಲಿ ಪುಡಿಯನ್ನು ಅರ್ಧ ಸೆಂ.ಮೀ.ಗಿಂತ ತೆಳುವಾಗಿ ಹರಡಿ. ನಿಮಿಷಕ್ಕೆ 3 ಡಿಗ್ರಿಯಂತೆ 450 ಡಿಗ್ರಿಗೆ ಏರಿಸಿ, 4 ಗಂಟೆ ಇಟ್ಟು, ಆಕ್ಸಿಜನ್ ಹರಿಯುತ್ತಿರುವಂತೆಯೇ ತಣಿಸಿ. ಸಾಮಾನ್ಯ ಗಾಳಿ ಬೇಡ. ಅದರಲ್ಲಿರುವ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಮತ್ತೆ ಕಾರ್ಬೊನೇಟ್ ಬೆಳೆಸುತ್ತವೆ.

ಜಾಸ್ತಿ ಬಿಸಿ ಮಾಡಿದರೆ ಲೇಪ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಬಹಳ ಜನರಿಗಿದೆ. ಆಗುವುದು ಬೇರೆ. 600, 700 ಡಿಗ್ರಿ ದಾಟಿದಂತೆ ಅಲ್ಯೂಮಿನಿಯಂ ಕಣದ ಒಳಗೆ ಇಳಿಯಲು ಶುರುವಾಗುತ್ತದೆ. ಆಗ ಅದು ಲೇಪ ಆಗಿ ಉಳಿಯುವುದಿಲ್ಲ, ಡೋಪಿಂಗ್ ಆಗುತ್ತದೆ. ಡೋಪಿಂಗಿನಿಂದಲೂ ಪ್ರಯೋಜನ ಇದೆ, ಆದರೆ ಆ ಕೆಲಸದ ಉದ್ದೇಶವೇ ಬೇರೆ. 300 ಡಿಗ್ರಿಯಲ್ಲೇ ನಿಲ್ಲಿಸಿದರೆ ಹೈಡ್ರಾಕ್ಸೈಡ್ ಪೂರ್ತಿ ಆಕ್ಸೈಡ್ ಆಗದೆ ನೀರು ಒಳಗೇ ಉಳಿಯಬಹುದು. ಆ ನೀರು ಕೊನೆಗೆ ಎಲೆಕ್ಟ್ರೋಲೈಟ್ ಸೇರುತ್ತದೆ.

100 ಡಿಗ್ರಿಯ ಹತ್ತಿರ ಬಂದಾಗ ತೆಗೆದು ನೇರ ಗ್ಲವ್ ಬಾಕ್ಸಿನ ಆಂಟಿಚೇಂಬರಿಗೆ ಒಯ್ಯಿರಿ. ‘ಊಟ ಮಾಡಿ ಬಂದು ತೆಗೀತೀನಿ’ ಎಂದು ರಾತ್ರಿಯಿಡೀ ತೆರೆದ ಫರ್ನೇಸಿನಲ್ಲಿ ಬಿಟ್ಟರೆ ಆಗಸ್ಟಿನ ಪುಣೆ ಗಾಳಿ ಹಿಂದಿನ ಎಲ್ಲ ಶ್ರಮವನ್ನೂ ಅಳಿಸಿಹಾಕುತ್ತದೆ. ಇನ್ನೊಂದು ಮಾತು: ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವುದು ಪುಣೆಯಲ್ಲಿ ಇರುವವರಿಗೆಲ್ಲ ಗೊತ್ತು. ಬ್ಯಾಕಪ್ ಇಲ್ಲದ ಲ್ಯಾಬ್ ಆಗಿದ್ದರೆ ಬುಧವಾರ ರಾತ್ರಿ ಫರ್ನೇಸ್ ಹಚ್ಚಬೇಡಿ.

## ಹಂತ 7: ಲೇಪ ನಿಜವಾಗಿ ಕೂತಿದೆಯಾ?

ಮೊದಲು ಎಕ್ಸ್‌ಆರ್‌ಡಿ, ಅಂದರೆ ಎಕ್ಸ್-ರೇಯಿಂದ ಸ್ಫಟಿಕ ರಚನೆ ನೋಡುವ ಪರೀಕ್ಷೆ, ಮಾಡಿಸಿ. ಆದರೆ ಅಲ್ಯೂಮಿನಾ ಶಿಖರ ಹುಡುಕಲು ಅಲ್ಲ. ಶೇ. 1ಕ್ಕಿಂತ ಕಡಿಮೆ ಇರುವ, ಸರಿಯಾಗಿ ಸ್ಫಟಿಕವೂ ಆಗದ ಪದರ ಅದರಲ್ಲಿ ಕಾಣುವುದಿಲ್ಲ, ಕಾಣದಿದ್ದರೆ ಗಾಬರಿ ಬೇಡ. ನೋಡಬೇಕಾದ್ದು ಎನ್‌ಎಂಸಿಯ 003 ಮತ್ತು 104 ಶಿಖರಗಳ ಎತ್ತರದ ಅನುಪಾತ. ಅದು ‘ಎ’, ‘ಬಿ’, ‘ಸಿ’ ಮೂರರಲ್ಲೂ ಒಂದೇ ತರಹ ಇದ್ದು 1.2ರ ಮೇಲಿದ್ದರೆ ಒಳಗಿನ ರಚನೆ ಕೆಟ್ಟಿಲ್ಲ.

ಆಮೇಲೆ ಸೆಮ್ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಮತ್ತು ಯಾವ ಧಾತು ಎಲ್ಲಿದೆ ಎಂದು ತೋರಿಸುವ ಇಡಿಎಸ್ ಮ್ಯಾಪ್. ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಸೆಮ್‌ನ ಸ್ಟಬ್, ಅಂದರೆ ಸ್ಯಾಂಪಲ್ ಇಡುವ ಪೀಠ, ಅಲ್ಯೂಮಿನಿಯಂನದು. ಎಲೆಕ್ಟ್ರೋಡಿನ ಹಾಳೆ ಕೂಡ ಅಲ್ಯೂಮಿನಿಯಂನದು. ಅದರ ಮೇಲೆ ಪುಡಿ ಇಟ್ಟು ಮ್ಯಾಪ್ ತೆಗೆದರೆ ಅಲ್ಯೂಮಿನಿಯಂ ಎಲ್ಲೆಡೆ ಚೆಂದಾಗಿ ಹರಡಿದಂತೆ ಕಾಣುತ್ತದೆ, ಲೇಪವೇ ಇಲ್ಲದ ‘ಎ’ ಪುಡಿಯಲ್ಲೂ! ಪುಡಿಯನ್ನು ತಾಮ್ರದ ಹಾಳೆ ಮೇಲೆ ದಪ್ಪ ಕಾರ್ಬನ್ ಟೇಪ್ ಅಂಟಿಸಿ ಅದರ ಮೇಲೆ ಇಡಿ. ವೋಲ್ಟೇಜನ್ನು 5 ಕಿಲೋವೋಲ್ಟ್‌ಗೆ ಇಳಿಸಿ ಎಂದು ಆಪರೇಟರಿಗೆ ಹೇಳಿ. 15, 20ರಲ್ಲಿ ಕಿರಣ ಕಣದ ಒಳಗೆ ಆಳ ಹೋಗಿ ಮೇಲ್ಮೈ ಸುದ್ದಿ ಮುಳುಗಿಹೋಗುತ್ತದೆ. ‘ಎ’ ಪುಡಿಯದ್ದೂ ಅದೇ ಸೆಟ್ಟಿಂಗಿನಲ್ಲಿ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಿ.

ಒಟ್ಟು ಅಲ್ಯೂಮಿನಿಯಂ ಎಷ್ಟಿದೆ ಎಂಬುದಕ್ಕೆ ಐಸಿಪಿ. ದಪ್ಪಕ್ಕೆ ಟೆಮ್, ಇನ್ನೂ ಸೂಕ್ಷ್ಮ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಮೇಲ್ಮೈಯಲ್ಲೇ ಇದೆಯಾ ಎಂಬುದಕ್ಕೆ ಎಕ್ಸ್‌ಪಿಎಸ್. ಎಕ್ಸ್‌ಪಿಎಸ್‌ನಲ್ಲಿ ಅಲ್ಯೂಮಿನಿಯಂ 2ಪಿ ಶಿಖರ 74 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಬರುತ್ತದೆ, ನಿಕ್ಕಲ್ 3ಪಿ ಶಿಖರ ಅದರ ಪಕ್ಕದಲ್ಲೇ 68ರ ಸುತ್ತ ಅಗಲವಾಗಿ ಹರಡಿರುತ್ತದೆ. ಎರಡನ್ನೂ ಬೇರ್ಪಡಿಸದೆ ಅಂಕಿ ಬರೆಯಬೇಡಿ. ಟೆಮ್ ನಿಮ್ಮಲ್ಲಿ ಇಲ್ಲದಿದ್ದರೆ ಪೊವಾಯಿಯ ಐಐಟಿ ಬಾಂಬೆಯಲ್ಲಿರುವ ಉಪಕರಣ ಕೇಂದ್ರ ಸೈಫ್ ಹೊರಗಿನವರಿಗೂ ಮಾಡಿಕೊಡುತ್ತದೆ. ಸ್ಲಾಟ್ ಸಿಗಲು ಕಾಯಬೇಕಾಗುತ್ತದೆ, ಹಾಗಾಗಿ ಹಂತ 4 ಶುರು ಮಾಡುವಾಗಲೇ ಬುಕ್ ಮಾಡಿ.

ಟೆಮ್‌ನಲ್ಲಿ ಒಂದು ಚೆಂದದ ಕಣ ಹುಡುಕಿ ಫೋಟೋ ತೆಗೆದರೆ ಸಾಲದು. ಐದಾರು ಕಣ ನೋಡಿ. ಒಂದು ಕಡೆ 3, ಇನ್ನೊಂದು ಕಡೆ 8 ನ್ಯಾನೋಮೀಟರ್ ಇರುವುದು ಈ ವಿಧಾನದಲ್ಲಿ ಸಹಜ. ಅಲ್ಲಲ್ಲಿ ಬೋಳಾಗಿ, ಅಲ್ಲಲ್ಲಿ 50 ನ್ಯಾನೋಮೀಟರ್ ಗುಡ್ಡೆ ಇದ್ದರೆ ಹಂತ 4ಕ್ಕೆ ವಾಪಸ್ ಹೋಗಿ.

## ಹಂತ 8: ಸ್ಲರಿ ಮತ್ತು ಎಲೆಕ್ಟ್ರೋಡ್

ಪುಡಿ, ಕಾರ್ಬನ್ ಬ್ಲಾಕ್, ಅಂಟಾಗಿ ಪಿವಿಡಿಎಫ್ 90:5:5 ತೂಕದಲ್ಲಿ. ಪಿವಿಡಿಎಫ್ ಅನ್ನು ಹಿಂದಿನ ದಿನವೇ ಎನ್‌ಎಂಪಿ ಎಂಬ ದ್ರಾವಕದಲ್ಲಿ ಕರಗಿಸಿಡಿ. ಎನ್‌ಎಂಪಿ ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ. ಎಲ್ಲರೂ ಹುಡ್ ಒಳಗೇ ಕೆಲಸ ಮಾಡಿ. ಬಸುರಿಯಾಗಿರುವವರು, ಆಗುವ ಯೋಚನೆ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ.

ಎನ್‌ಎಂಪಿಯೂ ನೀರು ಕುಡಿಯುತ್ತದೆ, ಅದನ್ನೂ ಮಾಲಿಕ್ಯುಲರ್ ಸೀವ್ ಮೇಲೆ ಇಡಿ. ಸ್ಲರಿ ಕಲಸುತ್ತಿರುವಾಗಲೇ ಜೆಲ್ಲಿಯಂತೆ ಗಟ್ಟಿಯಾದರೆ ಪುಡಿಯ ಮೇಲಿನ ಕ್ಷಾರ ಪಿವಿಡಿಎಫ್ ಅನ್ನು ಒಡೆಯುತ್ತಿದೆ. ‘ಎ’ ಸ್ಲರಿ ಜೆಲ್ ಆಗಿ ‘ಸಿ’ ಸ್ಲರಿ ಆಗದಿದ್ದರೆ ಅದು ಲೇಪ ಕೆಲಸ ಮಾಡುತ್ತಿರುವ ಮೊದಲ ಗುರುತು. ಬರೆದಿಟ್ಟುಕೊಳ್ಳಿ.

ಕಲಸಲು ಬಾಲ್ ಮಿಲ್ ಬಳಸಬೇಡಿ. ದಯವಿಟ್ಟು ಬೇಡ. ಇಷ್ಟು ಜೋಪಾನವಾಗಿ ಕೂರಿಸಿದ 5 ನ್ಯಾನೋಮೀಟರ್ ಪದರವನ್ನು ಗುಂಡುಗಳು ಕೆಲವೇ ನಿಮಿಷದಲ್ಲಿ ಕೆರೆದುಹಾಕುತ್ತವೆ. ಗುಂಡಿಲ್ಲದ ಸೆಂಟ್ರಿಫ್ಯೂಗಲ್ ಮಿಕ್ಸರ್ ಒಳ್ಳೆಯದು. ಅದಿಲ್ಲದಿದ್ದರೆ ಚಿಕ್ಕ ಬಾಟಲಿಯಲ್ಲಿ ಸ್ಟರರ್.

ಡಾಕ್ಟರ್ ಬ್ಲೇಡಿನಲ್ಲಿ ಅಲ್ಯೂಮಿನಿಯಂ ಹಾಳೆ ಮೇಲೆ ಎಳೆದು, 80 ಡಿಗ್ರಿಯಲ್ಲಿ ಒಣಗಿಸಿ, ನಂತರ ವ್ಯಾಕ್ಯೂಮಿನಲ್ಲಿ 120 ಡಿಗ್ರಿ, 12 ಗಂಟೆ. ರೋಲರ್ ಒತ್ತುವಾಗ ಮೂರೂ ಪಾಲಿಗೆ ಒಂದೇ ಒತ್ತಡ, ಅದೂ ಹಗುರ. ಜಾಸ್ತಿ ಒತ್ತಿದರೆ ಕಣ ಒಡೆದು ಲೇಪವಿಲ್ಲದ ಮೇಲ್ಮೈ ಹೊರಬರುತ್ತದೆ.

## ಹಂತ 9: ಸೆಲ್ ಕಟ್ಟಿ ಓಡಿಸುವುದು

ಸಿಆರ್2032 ಕಾಯಿನ್ ಸೆಲ್, ಒಂದೊಂದು ಪಾಲಿಗೆ ಕನಿಷ್ಠ ಮೂರು. ಒಂದೊಂದೇ ಸೆಲ್ ಕಟ್ಟಿ ಗ್ರಾಫ್ ಹಾಕಿದರೆ ಅದರಲ್ಲಿ ಕಾಣುವ ವ್ಯತ್ಯಾಸ ಕೈಗುಣದ್ದೂ ಆಗಿರಬಹುದು. ಎಲೆಕ್ಟ್ರೋಡಿನ ತೂಕ ಮೂರು ಪಾಲಿನಲ್ಲೂ ಹತ್ತಿರ ಹತ್ತಿರ ಇರಲಿ, ಎಲೆಕ್ಟ್ರೋಲೈಟ್ ಅನ್ನು ಮೈಕ್ರೋಪಿಪೆಟ್ಟಿನಲ್ಲಿ ಅಳೆದು ಒಂದೇ ಪ್ರಮಾಣ ಹಾಕಿ.

ಕರೆಂಟ್ ಲೆಕ್ಕ: 1ಸಿ, ಅಂದರೆ ಒಂದು ಗಂಟೆಯಲ್ಲಿ ಪೂರ್ತಿ ಚಾರ್ಜ್ ಆಗುವ ಕರೆಂಟ್, ಗ್ರಾಮಿಗೆ 200 ಮಿಲಿಆಂಪಿಯರ್ ಎಂದು ಹಿಡಿಯಿರಿ. ಎಲೆಕ್ಟ್ರೋಡಿನ ಮೇಲೆ ಒಟ್ಟು 10 ಮಿ.ಗ್ರಾಂ. ಇದ್ದರೆ ಅದರಲ್ಲಿ ಎನ್‌ಎಂಸಿ 9 ಮಿ.ಗ್ರಾಂ. ಮಾತ್ರ. ಹಾಗಾಗಿ ಸಿ/10 ಎಂದರೆ 0.18 ಮಿಲಿಆಂಪಿಯರ್. ಪೂರ್ತಿ 10ಕ್ಕೆ ಲೆಕ್ಕ ಹಾಕುವ ತಪ್ಪು ಇವತ್ತಿಗೂ ನಡೆಯುತ್ತಿದೆ.

3.0 ರಿಂದ 4.3 ವೋಲ್ಟ್ ನಡುವೆ ಸಿ/10ರಲ್ಲಿ ಎರಡು ಸೈಕಲ್, ನಂತರ ಸಿ/2ರಲ್ಲಿ ನೂರು. ಸೆಲ್‌ಗಳು 25 ಅಥವಾ 30 ಡಿಗ್ರಿಗೆ ಕಟ್ಟಿದ ಇನ್‌ಕ್ಯುಬೇಟರಿನಲ್ಲಿ ಇರಬೇಕು. ಏಪ್ರಿಲ್ ಮಧ್ಯಾಹ್ನಕ್ಕೂ ಡಿಸೆಂಬರ್ ರಾತ್ರಿಗೂ ಪುಣೆಯಲ್ಲಿ ಇರುವ ಅಂತರ ಗ್ರಾಫಿನಲ್ಲಿ ಅಲೆಅಲೆಯಾಗಿ ಕಂಡುಬಿಡುತ್ತದೆ.

ಒಳ್ಳೆಯ 811 ಪುಡಿ ಸಿ/10ರಲ್ಲಿ ಗ್ರಾಮಿಗೆ 190 ರಿಂದ 200 ಮಿಲಿಆಂಪಿಯರ್ ಅವರ್ ಕೊಡುತ್ತದೆ. ‘ಎ’ ಪಾಲೇ 170ರಲ್ಲಿ ನಿಂತರೆ ಲೇಪದ ಮಾತು ಬದಿಗಿಡಿ. ಪುಡಿಯೋ, ಎಲೆಕ್ಟ್ರೋಡೋ ಸರಿಯಿಲ್ಲ. ‘ಸಿ’ ಪಾಲು ಮೊದಲ ಸೈಕಲಿನಲ್ಲಿ ‘ಬಿ’ಗಿಂತ ಒಂದೆರಡು ಶೇಕಡಾ ಕಡಿಮೆ ಕೊಟ್ಟರೆ ಪರವಾಗಿಲ್ಲ. ಚಾರ್ಜ್ ಮತ್ತು ಡಿಸ್ಚಾರ್ಜ್ ಗೆರೆಗಳ ನಡುವಿನ ಅಂತರ ಶುರುವಿನಿಂದಲೇ ದೊಡ್ಡದಾಗಿದ್ದರೆ ಲೇಪ ದಪ್ಪವಾಗಿದೆ. ದಪ್ಪವನ್ನು ಅರ್ಧಕ್ಕೆ ಇಳಿಸಿ ಮತ್ತೆ ಮಾಡಿ.

ಇಂಪೀಡೆನ್ಸ್, ಅಂದರೆ ಸೆಲ್ ಒಳಗಿನ ತಡೆ, ಅಳೆಯುವಾಗ ಎಲ್ಲ ಸೆಲ್‌ಗಳೂ ಒಂದೇ ಚಾರ್ಜ್ ಮಟ್ಟದಲ್ಲಿ, ಎರಡು ಗಂಟೆ ವಿಶ್ರಾಂತಿ ಆದ ಮೇಲೆ ಇರಬೇಕು. ಒಮ್ಮೆ ಅಳೆದರೆ ಏನೂ ತಿಳಿಯದು. 3ನೇ ಸೈಕಲಿಗೆ ಒಮ್ಮೆ, 50ಕ್ಕೆ ಒಮ್ಮೆ, 100ಕ್ಕೆ ಒಮ್ಮೆ ತೆಗೆದು ಗ್ರಾಫಿನಲ್ಲಿ ಕಾಣುವ ಅರ್ಧವೃತ್ತ ಎಷ್ಟು ಬೆಳೆಯಿತು ನೋಡಿ. ಲೇಪ ಸರಿಯಾಗಿದ್ದರೆ ‘ಸಿ’ಯ ಅರ್ಧವೃತ್ತ ಮೊದಲು ಸ್ವಲ್ಪ ದೊಡ್ಡದಿದ್ದರೂ ಬೆಳೆಯುವ ವೇಗ ಕಡಿಮೆ ಇರುತ್ತದೆ. ‘ಬಿ’ ಮತ್ತು ‘ಸಿ’ ಒಂದೇ ವೇಗದಲ್ಲಿ ಬೆಳೆದರೆ ನಿಮ್ಮ ಲೇಪ ಇನ್ನೂ ಕೆಲಸ ಮಾಡುತ್ತಿಲ್ಲ, ‘ಎ’ಗಿಂತ ಚೆನ್ನಾಗಿದ್ದರೂ ಅದನ್ನು ಲೇಪದ ಗೆಲುವು ಎಂದು ಬರೆಯುವ ಹಾಗಿಲ್ಲ.

ಎದುರಿಗೆ ಲಿಥಿಯಂ ಲೋಹ ಇರುವ ಸೆಲ್‌ನಲ್ಲಿ ನೂರು ಸೈಕಲ್ ದಾಟಿದ ಮೇಲೆ ಲೋಹವೇ ಸುಸ್ತಾಗುತ್ತದೆ. ಆಗ ಕಾಣುವ ಕುಸಿತ ಕ್ಯಾಥೋಡಿನದೋ, ಲೋಹದ್ದೋ ಹೇಳುವುದು ಕಷ್ಟ. ದೀರ್ಘ ಪರೀಕ್ಷೆಗೆ ಗ್ರಾಫೈಟ್ ಜೊತೆ ಪೂರ್ಣ ಸೆಲ್ ಕಟ್ಟಿ, ಗ್ರಾಫೈಟ್ ಸಾಮರ್ಥ್ಯ ಕ್ಯಾಥೋಡಿನ 1.1 ಪಟ್ಟು ಇರಲಿ. ಕರಗಿದ ನಿಕ್ಕಲ್, ಮ್ಯಾಂಗನೀಸ್ ಗ್ರಾಫೈಟಿಗೆ ಮಾಡುವ ಹಾನಿ ಅಲ್ಲಿ ಮಾತ್ರ ಕಾಣುತ್ತದೆ. ಲೇಪದ ನಿಜವಾದ ಲಾಭವೂ ಅಲ್ಲೇ ಗೊತ್ತಾಗುವುದು.

## ಬೇರೆ ಪುಡಿ ಆದರೆ

ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಇಷ್ಟು ನಾಜೂಕಲ್ಲ. ಗಾಳಿಯಲ್ಲೇ ಬಿಸಿ ಮಾಡಬಹುದು. ನೀರಿನಲ್ಲಿ ಕರಗುವ ಅಲ್ಯೂಮಿನಿಯಂ ನೈಟ್ರೇಟ್ ಕೂಡ ನಡೆಯುತ್ತದೆ. ನೊನಾಹೈಡ್ರೇಟ್ ಆದರೆ ಅಲ್ಯೂಮಿನಾ ತೂಕದ 7.4 ಪಟ್ಟು ಬೇಕು. ಅದೇ ನೈಟ್ರೇಟ್ ದ್ರಾವಣವನ್ನು 811ಕ್ಕೆ ಹಾಕಬೇಡಿ, ಅದು ಆಮ್ಲೀಯ, ಲಿಥಿಯಂ ಹೊರಗೆಳೆಯುತ್ತದೆ. ಲಿಥಿಯಂ ಐರನ್ ಫಾಸ್ಫೇಟಿಗೆ ಅಲ್ಯೂಮಿನಾ ಹಾಕಲು ಹೊರಡಬೇಡಿ. ಅದರ ಕೊರತೆ ವಿದ್ಯುತ್ ವಾಹಕತೆಯದು, ಅದಕ್ಕೆ ಬೇಕಾದ್ದು ಕಾರ್ಬನ್ ಲೇಪ.

ಪದರ ಪದರವಾಗಿ ಲೇಪ ಬೆಳೆಸುವ ಎಎಲ್‌ಡಿ ಯಂತ್ರ ಸಿಗುವಂತಿದ್ದರೆ ಪುಡಿ ಬಿಟ್ಟು ಸಿದ್ಧ ಎಲೆಕ್ಟ್ರೋಡಿನ ಮೇಲೇ ಲೇಪ ಹಾಕಿಸಬಹುದು. ಒಂದು ಸೈಕಲಿಗೆ ಸುಮಾರು 0.1 ನ್ಯಾನೋಮೀಟರ್ ಬೆಳೆಯುತ್ತದೆ, ಹಾಗಾಗಿ ಹತ್ತು ಸೈಕಲಿಗೆ 1 ನ್ಯಾನೋಮೀಟರ್. ದಪ್ಪದ ಮೇಲೆ ಇಷ್ಟು ಹಿಡಿತ ಬೇರೆ ಯಾವ ವಿಧಾನದಲ್ಲೂ ಸಿಗದು. 150 ಡಿಗ್ರಿ ದಾಟದಂತೆ ಹೇಳಿ, ಇಲ್ಲದಿದ್ದರೆ ಪಿವಿಡಿಎಫ್ ಕರಗಲು ಶುರುವಾಗುತ್ತದೆ. ಅದರಲ್ಲಿ ಬಳಸುವ ಟ್ರೈಮೀಥೈಲ್ ಅಲ್ಯೂಮಿನಿಯಂ ಗಾಳಿ ಸೋಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ತರಬೇತಿ ಇಲ್ಲದೆ ಆ ಸಿಲಿಂಡರ್ ಮುಟ್ಟಬೇಡಿ. ಎಲೆಕ್ಟ್ರೋಡುಗಳನ್ನು ಒಣಗಿಸಿ, ಆರ್ಗಾನ್ ತುಂಬಿದ ಪೌಚಿನಲ್ಲಿ ಸೀಲ್ ಮಾಡಿ, ಎಷ್ಟು ಸೈಕಲ್ ಎಂದು ಮೇಲೆ ಬರೆದು ಆಪರೇಟರ್ ಕೈಗೆ ಕೊಡಿ. ಲೇಪ ಹಾಕದ ಎರಡು ಎಲೆಕ್ಟ್ರೋಡುಗಳನ್ನೂ ಜೊತೆಗೆ ಕೊಟ್ಟು, ಅವನ್ನು ಟ್ರೈಮೀಥೈಲ್ ಅಲ್ಯೂಮಿನಿಯಂ ಬಿಡದೆ ಅಷ್ಟೇ ಹೊತ್ತು ಅದೇ ಬಿಸಿಯಲ್ಲಿ ಇಟ್ಟು ವಾಪಸ್ ಕೊಡಲು ಕೇಳಿ. ಅವೇ ಇಲ್ಲಿ ನಿಮ್ಮ ‘ಬಿ’ ಪಾಲು.